ಗೋರಿಯೂ ರಾಘವಾಂಕನ ಗಾಣರಾಣಿಯರೂ

‘ಗೋರಿ’ಯೆಂದೊಡನೆ ಈಗಿನ ವಾಚಕರಿಗೆ ಸಮಾಧಿಯೊಂದೇ ಹೊಳೆಯುವುದು. ಅದು ಪಾರಸಿಯಿಂದ ಬಂದ ಶಬ್ದವು. ಪ್ರಾಚೀನ ಕನ್ನಡದಲ್ಲಿ ಇದೇ ರೂಪದ ಬೇರೊಂದು ಶಬ್ದವುಂಟು. ಬೇಡನು ಮರೆಯಲ್ಲಿ ನಿಂತು ಹುಲ್ಲೆಯನ್ನು ಸೆಳೆಯಲು ಹಾಡುವ ಹಾಡು ಗೋರಿ; ಪಳಗಿಸಿ ಮುಂದೆ ನಿಲ್ಲಿಸುವ ಮೃಗವು ದೀವ. ಹಿಪ್ಪರಗಿಯನ್ನೊಳಗೊಂಡ ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯು ರನ್ನನ ಜನ್ಮಭೂಮಿಯು, ಹಲಗಲಿಯ ಬೇಡರ ನಾಡು. ಅಲ್ಲಿಯ ಕುರುಚಲು ಕಾಡಿನಲ್ಲಿ ಚಿಂಕಾರಗಳು ಇಂದಿಗೂ ಉಳಿದಿವೆ; 2016ರಲ್ಲಿ ಯಡಹಳ್ಳಿಯು ಅವುಗಳ ಧಾಮವೆಂದು ಘೋಷಿತವಾಯಿತು. 1972ರ ಕಾಯಿದೆಯು ಅವುಗಳನ್ನು ರಕ್ಷಿಸಿರುವುದರಿಂದ ಗೋರಿಯು ಕಾಡಿನಲ್ಲಿ ಕೇಳಿಸತಕ್ಕದ್ದಲ್ಲ. ಅದರ ಮರ್ಮವನ್ನು ಕಾವ್ಯದಲ್ಲಿಯೇ ಅರಸಬೇಕು.

ಭಾಗವತದ ಏಕಾದಶಸ್ಕಂಧದ ಅವಧೂತನು ಬೇಡನ ಗೀತಕ್ಕೆ ಮರುಳಾದ ಹರಿಣವನ್ನು ತನ್ನ ಗುರುಗಳಲ್ಲಿ ಒಂದೆಂದು ಎಣಿಸುತ್ತಾನೆ. ಕಿವಿಯಿಂದ ಕೆಡುವ ಜಿಂಕೆಯು ನಮ್ಮ ಕವಿಗಳಿಗೂ ಪರಿಚಿತವೇ. ಆದರೆ ಈ ದೃಷ್ಟಾಂತವು ಒಂದು ಕಥಾಸಂಧಿಯ ಕಟ್ಟಡವೇ ಆಗಿರುವುದನ್ನು ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಕಾಣಬಹುದೆಂದು ತೋರಿಸುವುದೇ ಈ ಲೇಖನದ ಉದ್ದೇಶವು.

ಹರಿಶ್ಚಂದ್ರನು ಬೇಟೆಗಾರನಾಗಿಯೇ ಕಾಡನ್ನು ಹೊಗುತ್ತಾನೆ. ಅಲ್ಲಿ ವಿಶ್ವಾಮಿತ್ರನು ಸೃಷ್ಟಿಸಿದ ಇಬ್ಬರು ಅನಾಮಿಕ ಕನ್ಯೆಯರು ಬಂದು ಹಾಡುತ್ತಾರೆ. ಅರಸನು ಕೇಳಿ ತಲೆದೂಗಿ ಉಡುಗೊರೆ ಕೊಡಹೋಗುತ್ತಾನೆ. ಅವರು ಬೇಡುವುದು ಸತ್ತಿಗೆಯನ್ನು. ಅದು ದೊರೆಯದಿರಲು ವಿವಾಹವನ್ನು. ಬೇಡನು ಮೃಗವಾದನು, ಗೀತವು ಗೋರಿಯಾಯಿತು.

ಈ ಸಂದರ್ಭದ ವಾದವನ್ನು ಕುಲವಿಚಾರವೆಂದಷ್ಟೇ ಓದುವುದು ರೂಢಿ. ನಮ್ಮ ಗಾನವನ್ನು ಕೇಳಿದ ಕಿವಿಗೂ ನಮ್ಮ ರೂಪವನ್ನು ನೋಡಿದ ಕಣ್ಣಿಗೂ ಇಲ್ಲದ ಹೊಲೆ ಸ್ಪರ್ಶಕ್ಕೆ ಮಾತ್ರ ಏಕೆಂದು ಆ ಕನ್ಯೆಯರು ಕೇಳುವ ಪ್ರಶ್ನೆಯು ಇಂದಿಗೂ ತೀಕ್ಷ್ಣವಾದುದೇ. ದೂರದಿಂದ ಕೇಳುವುದು ಬೇರೆ, ಮುಟ್ಟುವುದು ಬೇರೆ ಎಂಬುದು ಅರಸನ ನಿಲುವು. ಬೇಟೆಯ ಮರ್ಮವನ್ನರಿತು ನೋಡಿದರೆ ಈ ನಿಲುವಿನ ದೌರ್ಬಲ್ಯವು ಮತ್ತೊಂದು ಕಡೆಯಿಂದಲೂ ಬಯಲಾಗುತ್ತದೆ. ಹುಲ್ಲೆಯೂ ದೂರದಿಂದಲೇ ಕೇಳುತ್ತದೆ. ದೂರವಿರುವೆನೆಂಬ ಭರವಸೆಯಿಂದಲೇ ನಿಲ್ಲುತ್ತದೆ. ಯಾವ ದೂರವನ್ನು ಅರಸನು ತನ್ನ ರಕ್ಷೆಯೆಂದು ಬಗೆದನೋ ಅದೇ ಗೋರಿಯ ಆಯುಧವು.

ಅರಸನು ಸೋಲಲಿಲ್ಲವಲ್ಲ, ಸತ್ತಿಗೆಯನ್ನೂ ಕೊಡಲಿಲ್ಲ, ಕನ್ಯೆಯರನ್ನೂ ವರಿಸಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಅವರನ್ನು ಹೊಡೆದಟ್ಟಿದುದೇ ಮುನಿಗೆ ಬೇಕಾದ ನೆವವಾಯಿತು. ವಿವಾಹವನ್ನೊಲ್ಲದೆ ರಾಜ್ಯವನ್ನೇ ಕೊಡುವೆನೆಂದ ಮಾತೇ ಕೊರಳಿಗೆ ಉರುಳಾಯಿತು. ಗೀತಕ್ಕೆ ಮಾರುಹೋಗದವನು ತನ್ನ ನಿಷ್ಠೆಗೆ ಸಿಕ್ಕಿಬಿದ್ದನು. ಸಾಮಾನ್ಯವಾದ ದೃಷ್ಟಾಂತವನ್ನು ಕವಿಯು ಮೀರಿರುವುದು ಇಲ್ಲಿಯೇ.

ಇದರಿಂದ ಮತ್ತೊಂದು ತೀರ್ಮಾನವೂ ಒದಗುತ್ತದೆ. ಹರಿಶ್ಚಂದ್ರನ ಕಷ್ಟಕ್ಕೆಲ್ಲ ಆ ಕನ್ಯೆಯರೇ ಮೂಲವೆಂದು ಹಳಿಯುವವರು ದೀವವನ್ನೇ ಬೇಡನೆಂದು ಭ್ರಮಿಸಿದವರು. ದೀವವು ತಾನು ಬಯಸಿ ಬಂದು ನಿಂತುದಲ್ಲ. ಬೇಡನು ಮರೆಯಲ್ಲಿದ್ದಾನೆ, ಅವನು ಋಷಿವೇಷದಲ್ಲಿದ್ದಾನೆ. ಅವನನ್ನು ಬಿಟ್ಟು ಹಾಡಿದವರನ್ನು ದೂಷಿಸುವುದು ಕಾವ್ಯಕ್ಕೂ ನ್ಯಾಯವಲ್ಲ, ಅವರಿಗೂ ನ್ಯಾಯವಲ್ಲ.