ಕುರ್ಚಿ ಕೇಳದ ಮನೆ

ಸೋಲೂರು ಸೀಮೆಯ ಹಳೆಯ ತೊಟ್ಟಿಮನೆಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಅಲ್ಲಿ ಇಲ್ಲದ ಸಾಮಾನು. ಕೂರಲು ಜಗಲಿ, ದೀಪಕ್ಕೆ ಗೋಡೆಯ ಗೂಡು, ಪಾತ್ರೆಗೆ ನಾಗಂದಿಗೆ, ಮೂಟೆಗಳಿಗೆ ಅಟ್ಟ. ಗೋಡೆ ಕಟ್ಟುವಾಗಲೇ ಅರ್ಧ ಪೀಠೋಪಕರಣ ಮುಗಿದುಹೋಗಿರುತ್ತದೆ! ಹೆಚ್ಚೆಂದರೆ ಒಂದು ಮಂಚ, ನಾಲ್ಕು ಮಣೆ.

ನಡುವೆ ತೊಟ್ಟಿ. ನಾಲ್ಕು ಕಡೆಯ ಸೂರು ಒಳಕ್ಕೆ ಇಳಿದು ಮಳೆನೀರನ್ನು ಅಲ್ಲಿಗೆ ಸುರಿಯುತ್ತದೆ; ಬಿಸಿಗಾಳಿ ಮೇಲಕ್ಕೇರಿ ಹೊರಹೋಗುತ್ತದೆ, ಬೆಳಕು ಕೆಳಗಿಳಿಯುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಪೊಂಪೆಯ ಸಿರಿವಂತರ ಮನೆಗಳಲ್ಲೂ ಇಂಥದೇ ತೆರೆದ ಸೂರು, ಕೆಳಗೆ ನೀರಿನ ಕೊಳ. ಯಾರೂ ಯಾರಿಂದಲೂ ಕಲಿಯಬೇಕಿರಲಿಲ್ಲ, ಬಿಸಿಲು ಮಳೆಗಳೇ ಕಲಿಸಿದವು.

ತೊಟ್ಟಿಯ ಸುತ್ತಲಿನ ಕಂಬಗಳ ಕೆಲಸ ನೋಡಬೇಕು. ಗೆದ್ದಲು, ತೇವ ಹತ್ತದಂತೆ ಬುಡಕ್ಕೆ ಕಲ್ಲಿನ ಪೀಠ. ತಲೆಯ ಮೇಲೆ ಕೆತ್ತಿದ ಬೋದಿಗೆ. ಬೋದಿಗೆ ಬರೀ ಅಲಂಕಾರವಲ್ಲ. ತೊಲೆಯ ಭಾರವನ್ನು ಅಗಲಕ್ಕೆ ಹಂಚಿ ಕಂಬಕ್ಕೆ ಇಳಿಸುವುದು ಅದೇ. ಆಚಾರಿ ಮೊದಲು ಲೆಕ್ಕ ಮುಗಿಸಿ, ಉಳಿದ ಜಾಗದಲ್ಲಿ ಹೂವು ಬಿಡಿಸುತ್ತಿದ್ದ. ಈಗಿನ ಪಿಒಪಿ ಹೂವುಗಳು ಏನನ್ನೂ ಹೊರುವುದಿಲ್ಲ, ಪಾಪ.

ಸೂರಿನ ಮೇಲೆ ಕುಂಬಾರರ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಚಪ್ಪಟೆ ಹೆಂಚು ಒಳನಾಡಿಗೂ ಹಬ್ಬಿತು. ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಕೋತಿಗಳ ಓಡಾಟಕ್ಕೆ ಅದು ಬೇಗ ಜಾರದು. ಆದರೂ ಕೈಯಲ್ಲಿ ಮಾಡಿದ ನಾಡಹೆಂಚಿನ ಸೊಟ್ಟ ಸಾಲುಗಳೇ ನನ್ನ ಕಣ್ಣಿಗೆ ಹಿತ.