ಸುತ್ತಿದ ಮಾತ್ರಕ್ಕೆ ಗಟ್ಟಿಯಾಗದು

ರಫ್ತು ಗೋದಾಮಿನಲ್ಲಿ ಲೋಡಿಂಗಿಗೆ ಸಿದ್ಧವಾಗಿ ನಿಂತ ಪ್ಯಾಲೆಟ್ ನೋಡಲು ಚೆಂದ. ನಾಲ್ಕೂ ಮೂಲೆ ನೇರ, ಮೈತುಂಬ ಮಿಂಚುವ ಸ್ಟ್ರೆಚ್ ಫಿಲ್ಮ್, ಪಕ್ಕಕ್ಕೆ ಪಾರ್ಟಿಯ ಹೆಸರಿನ ಲೇಬಲ್. ಫೋಟೊ ತೆಗೆದು ಕಳಿಸಿದರೆ ಖರೀದಿದಾರನಿಗೂ ಸಮಾಧಾನ. ನನ್ನ ತಕರಾರು ಇರುವುದು ಈ ಮಿಂಚಿನ ಬಗ್ಗೆಯೇ. ಆಹಾರ ಸಾಮಗ್ರಿಯನ್ನು ಪ್ಯಾಲೆಟ್ ಮೇಲೆ ಒಟ್ಟಿ ಕಳಿಸುವ ನಮ್ಮ ಪದ್ಧತಿ, ಕಣ್ಣಿಗೆ ಗಟ್ಟಿ ಕಂಡದ್ದನ್ನೇ ಗಟ್ಟಿ ಎಂದು ನಂಬಿ ಕೂತಿದೆ. ಪೆಟ್ಟಿಗೆಯೊಳಗೆ ಏನಿದೆ, ಭಾರ ಹೊರುತ್ತಿರುವುದು ಯಾವುದು ಎಂಬ ಮೊದಲ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ.

ಆ ಪ್ರಶ್ನೆ ಎಷ್ಟು ದೊಡ್ಡದು ಎನ್ನುವುದಕ್ಕೆ ಮಂಗಳೂರಿನ ಗೇರುಬೀಜದ ವ್ಯಾಪಾರವನ್ನು ನೋಡಿದರೆ ಸಾಕು. ದಶಕಗಳ ಕಾಲ ಗೇರು ತಿರುಳು ಹಡಗು ಹತ್ತುತ್ತಿದ್ದದ್ದು ತಗಡಿನ ಚೌಕ ಡಬ್ಬಗಳಲ್ಲಿ. ಡಬ್ಬಕ್ಕೆ 25 ಪೌಂಡ್, ಅಂದರೆ 11.34 ಕೆ.ಜಿ.; ಎರಡು ಡಬ್ಬ ಸೇರಿದರೆ ಒಂದು ರಟ್ಟಿನ ಪೆಟ್ಟಿಗೆ. ಅಲ್ಲಿ ರಟ್ಟು ಹೆಸರಿಗೆ ಮಾತ್ರ, ಭಾರ ಹೊರುತ್ತಿದ್ದದ್ದು ತಗಡು. ಆಮೇಲೆ ಗಾಳಿ ಹೊರತೆಗೆದು ಸೀಲು ಮಾಡಿದ ಪ್ಲಾಸ್ಟಿಕ್ ಪೊಟ್ಟಣ ಬಂತು. ಪೆಟ್ಟಿಗೆಯ ತೂಕ ಅದೇ 22.68 ಕೆ.ಜಿ., ಹೊರನೋಟವೂ ಹೆಚ್ಚುಕಡಿಮೆ ಅದೇ. ಪೊಟ್ಟಣ ಬಿಗಿಯಾಗಿರುವಷ್ಟು ಹೊತ್ತು ಅದೂ ಸ್ವಲ್ಪ ಭಾರ ತಡೆದೀತು. ಎಲ್ಲೋ ಸೋರಿ ಮೆತ್ತಗಾಯಿತೋ, ಪೂರ್ತಿ ಹೊರೆ ರಟ್ಟಿನ ಮೇಲೆ. ಆರು ಸಾಲು ಒಟ್ಟಿದರೆ ತಳದ ಪೆಟ್ಟಿಗೆ 113 ಕೆ.ಜಿ. ಹೊತ್ತು ವಾರಗಟ್ಟಲೆ ನಿಲ್ಲಬೇಕು. ಒಳಗಿನ ಸರಕು ಇಷ್ಟು ಬದಲಾದರೂ ಒಟ್ಟುವ ರೀತಿ ಎಷ್ಟೋ ಕಡೆ ಡಬ್ಬದ ಕಾಲದಲ್ಲೇ ಉಳಿದಿದೆ.

ಆ ರೀತಿ ಯಾವುದೆಂದರೆ, ಗೋಡೆ ಕಟ್ಟುವವರು ಇಟ್ಟಿಗೆ ಇಟ್ಟ ಹಾಗೆ ಒಂದು ಸಾಲಿನ ಸಂದಿನ ಮೇಲೆ ಇನ್ನೊಂದು ಸಾಲಿನ ಪೆಟ್ಟಿಗೆ ಕೂರಿಸುವುದು. ಲೆಕ್ಕ ಹಾಕಿ ನೋಡಿ: 1200 × 1000 ಮಿ.ಮೀ. ಪ್ಯಾಲೆಟ್ ಮೇಲೆ 400 × 300 ಮಿ.ಮೀ. ತಳದ ಪೆಟ್ಟಿಗೆಗಳು ಸಾಲಿಗೆ ಸರಿಯಾಗಿ ಹತ್ತು ಹಿಡಿಯುತ್ತವೆ. ಒಂದು ಅಂಚಿಗೆ ನಾಲ್ಕು, ಉಳಿದ ಜಾಗದಲ್ಲಿ ಮೂರು ಮೂರರಂತೆ ಆರು. ಪ್ರತಿ ಸಾಲನ್ನೂ ಹೀಗೆಯೇ ಇಟ್ಟರೆ ಮೂಲೆಯ ಮೇಲೆ ಮೂಲೆ ಕೂರುತ್ತದೆ. ರಟ್ಟಿನ ಪೆಟ್ಟಿಗೆಯ ಬಲದ ಬಹುಪಾಲು ಇರುವುದು ಆ ನಾಲ್ಕು ಲಂಬ ಮೂಲೆಗಳಲ್ಲೇ. ನಡುವಿನ ಗೋಡೆ ಸ್ವಲ್ಪ ಒತ್ತಿದರೂ ಹೊರಕ್ಕೆ ಉಬ್ಬಿಬಿಡುತ್ತದೆ. ಎರಡನೇ ಸಾಲನ್ನು ತಿರುಗಿಸಿ ಇಟ್ಟಿರೋ, ಮೇಲಿನ ಮೂಲೆ ಕೆಳಗಿನ ಪೆಟ್ಟಿಗೆಯ ಆ ನಿತ್ರಾಣ ಗೋಡೆಯ ಮೇಲೆ ಬಂದು ಕೂರುತ್ತದೆ. ಹೊರುವ ಶಕ್ತಿಯಲ್ಲಿ ಅರ್ಧದಷ್ಟು ಅಲ್ಲಿಗೇ ಖರ್ಚು. ಪೆಟ್ಟಿಗೆ ಪ್ಯಾಲೆಟ್ಟಿನ ಅಂಚು ದಾಟಿ ಎರಡು ಬೆರಳಷ್ಟು ಹೊರಗೆ ಚಾಚಿದ್ದರೆ ಇನ್ನಷ್ಟು ನಷ್ಟ, ಯಾಕೆಂದರೆ ಆಗ ಮೂಲೆಯ ಕೆಳಗೆ ಮರವೇ ಇಲ್ಲ.

ಹಾಗಂತ ಇಟ್ಟಿಗೆ ಕ್ರಮವನ್ನು ಪೂರ್ತಿ ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಕರ್ನಾಟಕದಿಂದ ಗಾಜಿನ ಜಾಡಿಗಳಲ್ಲಿ ಹೋಗುವ ಗೆರ್ಕಿನ್ ಉಪ್ಪಿನಕಾಯಿ ಇದೆಯಲ್ಲ, ಅಲ್ಲಿ ಹೊರೆ ಹೊರುವುದು ಗಾಜೇ. ಅದಕ್ಕೆ ಭಯ ಮೇಲಿನ ಭಾರದ್ದಲ್ಲ, ಪಕ್ಕದ ಕುಲುಕಾಟದ್ದು. ಒಂದು ಜಾಡಿ ಒಡೆದರೆ ಉಪ್ಪುನೀರು ಕೆಳಗಿನ ಸಾಲುಗಳ ರಟ್ಟಿಗೆ ಇಳಿದು, ಒಡೆಯದ ಜಾಡಿಗಳ ಪೆಟ್ಟಿಗೆಯೂ ಕೈಗೆ ಬರುವ ಮುದ್ದೆಯಾಗುತ್ತದೆ. ಇಲ್ಲಿ ಸಾಲುಗಳು ಒಂದನ್ನೊಂದು ಹಿಡಿದುಕೊಳ್ಳುವುದು ಒಳ್ಳೆಯದು. ಅಕ್ಕಿ ಮೂಟೆಗಂತೂ ಬೇರೆ ದಾರಿಯೇ ಇಲ್ಲ. ಬಿಸ್ಕತ್ತು, ಕುರುಕಲು, ಹಣ್ಣು ಇಂಥವಕ್ಕೆ ಕೆಳಗಿನ ಸಾಲುಗಳನ್ನು ಮೂಲೆಗೆ ಮೂಲೆ ಕೂರಿಸಿ, ಗೋಪುರಗಳು ಬೇರೆಯಾಗದಂತೆ ತುದಿಯ ಒಂದೆರಡು ಸಾಲನ್ನು ಮಾತ್ರ ಅಡ್ಡಹಾಕುವುದು ಬಲ್ಲವರ ರೂಢಿ. ನನಗೂ ಅದೇ ಸರಿಯೆನಿಸುತ್ತದೆ.

ಇನ್ನು ಕಂಟೈನರಿನ ಒಳಗೆ. ಪ್ಯಾಲೆಟ್ಟಿಗೂ ಕಂಟೈನರಿಗೂ ಹುಟ್ಟಿನಿಂದಲೇ ಅಳತೆ ಕೂಡಿಬಂದಿಲ್ಲ. ಒಳಗಿನ ಅಗಲ ಸುಮಾರು 2.35 ಮೀಟರ್, 1.2 ಮೀಟರಿನ ಎರಡು ಪ್ಯಾಲೆಟ್ ಪಕ್ಕಪಕ್ಕ ಹೋಗುವುದಿಲ್ಲ. ಒಂದನ್ನು ಅಡ್ಡ, ಇನ್ನೊಂದನ್ನು ಉದ್ದ ಇಟ್ಟರೆ 2.2 ಮೀಟರ್ ತುಂಬುತ್ತದೆ, 15 ಸೆಂ.ಮೀ. ಉಳಿಯುತ್ತದೆ. 20 ಅಡಿಯ ಕಂಟೈನರಿನಲ್ಲಿ ಹೀಗೆ ಹತ್ತು ಪ್ಯಾಲೆಟ್ ಕೂರಿಸಿದರೆ ಬಾಗಿಲ ಬಳಿ ಒಂದು ಬದಿ 30, ಇನ್ನೊಂದು ಬದಿ 50 ಸೆಂ.ಮೀ. ತನಕ ಖಾಲಿ. ಪ್ಯಾಲೆಟ್ ತಾನೇ 14–15 ಸೆಂ.ಮೀ. ಎತ್ತರ ನುಂಗುವುದು ಬೇರೆ. ಗೇರುಬೀಜದವರು 20 ಅಡಿಗೆ 700 ಪೆಟ್ಟಿಗೆಯ ರೂಢಿ ಲೆಕ್ಕ ಇಟ್ಟುಕೊಂಡು ಪ್ಯಾಲೆಟ್ ಕಂಡರೆ ಮುಖ ತಿರುಗಿಸುವುದು ಸುಮ್ಮನೆ ಅಲ್ಲ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಕಾರ್ಮಿಕ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಸೇರಿ 2014ರಲ್ಲಿ ಹೊರತಂದ ಸಿಟಿಯು ಕೋಡ್ (ಕಂಟೈನರಿನಂಥ ಸಾಗಣೆ ಘಟಕಗಳಿಗೆ ಸರಕು ತುಂಬುವ ನಿಯಮಸಂಹಿತೆ) ಈ ಖಾಲಿ ಜಾಗದ ಬಗ್ಗೆ ಖಡಾಖಂಡಿತ: ಯಾವ ಸಮತಲ ದಿಕ್ಕಿನಲ್ಲೂ ಸಂದುಗಳ ಮೊತ್ತ 15 ಸೆಂ.ಮೀ. ಮೀರಬಾರದು. ಕಾರಣವನ್ನೂ ಅಂಕಿಯಲ್ಲಿ ಕೊಡುತ್ತದೆ. ಲಾರಿ ಬ್ರೇಕ್ ಹಾಕಿದಾಗ ಸರಕಿನ ತೂಕದ ಶೇ. 80ರಷ್ಟು ಬಲ ಮುಂದಕ್ಕೆ ತಳ್ಳುತ್ತದೆ. ಒರಟು ಕಡಲಲ್ಲಿ ಅಷ್ಟೇ ಬಲ ಪಕ್ಕಕ್ಕೆ. 600 ಕೆ.ಜಿ. ಪ್ಯಾಲೆಟ್ಟನ್ನು 480 ಕೆ.ಜಿ. ಬಲ ನೂಕುತ್ತದೆ ಎಂದುಕೊಳ್ಳಿ, ಅದೂ ಹಡಗು ಒಮ್ಮೆ ಆಚೆ ಒಮ್ಮೆ ಈಚೆ ವಾಲುತ್ತ, ರಾತ್ರಿ ಹಗಲು. ಸಂದು ಇದ್ದರೆ ಸರಕು ಜಾರುವುದಷ್ಟೇ ಅಲ್ಲ, ಜಾರಿ ಹೋಗಿ ಗುದ್ದುತ್ತದೆ. ಗಾಳಿ ತುಂಬುವ ಚೀಲವನ್ನೋ ಖಾಲಿ ಪ್ಯಾಲೆಟ್ಟನ್ನೋ ಸಂದಿಗೆ ತುರುಕುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಬಾಗಿಲ ಕಡೆಯ ಜಾಗವನ್ನು ಹಾಗೇ ಬಿಟ್ಟರೆ ಅತ್ತ ಬಂದರಿನಲ್ಲಿ ಬಾಗಿಲು ತೆಗೆದವನ ಮೈಮೇಲೆ ಪೆಟ್ಟಿಗೆ ಬೀಳುತ್ತದೆ. ಅವನೂ ಇಲ್ಲಿ ಪೆಟ್ಟಿಗೆ ತುಂಬಿದವರಂತೆಯೇ ಹಮಾಲಿ.

ಫಿಲ್ಮಿನ ವಿಷಯಕ್ಕೆ ಬರೋಣ. ಅದು ಒಳ್ಳೆಯ ವಸ್ತು, ಕೆಲಸ ತಿಳಿದು ಸುತ್ತಿದರೆ. ಮೊದಲ ಕೆಲವು ಸುತ್ತು ಪ್ಯಾಲೆಟ್ಟಿನ ಮರವನ್ನು ಸೇರಿಸಿಕೊಂಡೇ ಬರಬೇಕು. ಆದರೆ ಫೋರ್ಕ್‌ಲಿಫ್ಟಿನ ಮುಳ್ಳು ತಾಗಿ ಹರಿಯುತ್ತದೆಂದು ಮರವನ್ನು ಬಿಟ್ಟು ಪೆಟ್ಟಿಗೆಗಷ್ಟೇ ಸುತ್ತುವುದು ಸಾಮಾನ್ಯ. ಆಗ ಅರವತ್ತು ಪೆಟ್ಟಿಗೆಯೂ ಒಗ್ಗಟ್ಟಿನಿಂದ ಪ್ಯಾಲೆಟ್ಟಿನಿಂದ ಜಾರಿಹೋಗುತ್ತವೆ! ಮೂಲೆಗೆ ರಟ್ಟಿನ ಕೋನಪಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿಯ ಬಿಗಿತ, ಕೊನೆಗೆ ಫಿಲ್ಮ್ ಎಂಬುದು ಸರಿಯಾದ ಕ್ರಮ. ತಾಜಾ ಹಣ್ಣಿಗೆ ಫಿಲ್ಮೇ ಶತ್ರು. ಶೀತಲ ಕಂಟೈನರಿನಲ್ಲಿ ತಣ್ಣನೆ ಗಾಳಿ ನೆಲದಿಂದ ಮೇಲೇಳುತ್ತದೆ, ಪೆಟ್ಟಿಗೆಯ ರಂಧ್ರಗಳು ನೇರಕ್ಕೆ ನೇರ ಕೂತಿದ್ದರೆ ಮಾತ್ರ ಒಳಗೆ ತಲುಪುತ್ತದೆ. ಅಲ್ಲಿ ಕೋನಪಟ್ಟಿ ಮತ್ತು ಬಿಗಿಪಟ್ಟಿ ಸಾಕು.

ತೇವದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಕರಾವಳಿಯ ಮಳೆಗಾಲದಲ್ಲಿ ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ತೇವಾಂಶ ಶೇ. 90ರ ಹತ್ತಿರವಿದ್ದರೆ ರಟ್ಟಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಲ್ಲಿನ ಸೆಖೆಯಲ್ಲಿ ಮುಚ್ಚಿದ ಕಂಟೈನರ್ ಯುರೋಪಿನ ಚಳಿ ಸೇರುವಾಗ ಒಳಗಿನ ಹಬೆ ತಗಡಿನ ಮಾಡಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಈ ನೀರು ಬಹಳ ಸಲ ಬರುವುದು ಪ್ಯಾಲೆಟ್ಟಿನ ಮರದಿಂದಲೇ. ಅದರ ಮೇಲೆ ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಪಿಎಂ 15ರ ‘ಎಚ್‌ಟಿ’ ಮುದ್ರೆ ಇದೆಯಲ್ಲ ಎನ್ನುತ್ತಾರೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದು ಹುಳು ಸತ್ತಿದೆ ಎಂದಷ್ಟೇ ಆ ಮುದ್ರೆಯ ಅರ್ಥ. ಮರ ಒಣಗಿದೆ ಎಂದಲ್ಲ. ಅಂಗಳದಲ್ಲಿ ಮಳೆಗೆ ನೆಂದ ಪ್ಯಾಲೆಟ್ಟಿನ ಮೇಲೂ ಆ ಮುದ್ರೆ ಸ್ಪಷ್ಟವಾಗಿಯೇ ಕಾಣುತ್ತದೆ.

ಸಿಟಿಯು ಕೋಡಿಗೆ ನನ್ನ ಅಂಕ ಮೇಲ್ಮಟ್ಟದ್ದೇ. ಅದರ ಕೊರತೆ ವಿಷಯದಲ್ಲಿಲ್ಲ, ವಿಳಾಸದಲ್ಲಿದೆ. 13 ಅಧ್ಯಾಯ, 10 ಅನುಬಂಧಗಳ ಆ ಪುಸ್ತಕ ರಫ್ತು ಕಚೇರಿಯ ಕಂಪ್ಯೂಟರಿನಲ್ಲಿ ಇರಬಹುದು. ಪೆಟ್ಟಿಗೆ ಇಡುವ ಕೈಗಳನ್ನು ಅದು ತಲುಪಿಲ್ಲ. ಆ ಕೈಗಳಿಗೆ ಕೂಲಿ ಸಿಗುವುದು ಪೆಟ್ಟಿಗೆ ಲೆಕ್ಕದಲ್ಲೋ ಕಂಟೈನರ್ ಲೆಕ್ಕದಲ್ಲೋ. ಸಂದಿಗೆ ಚೀಲ ತುಂಬಲು ಹೋದ ಹೊತ್ತಿಗೆ ಕಾಸಿಲ್ಲ. ಹೀಗಿರುವಾಗ ಸರಕು ಜಖಂ ಆದಾಗ ಹಮಾಲರ ಅಜಾಗ್ರತೆ ಎಂದು ವರದಿ ಬರೆಯುವುದು ಅನ್ಯಾಯ.

ರಫ್ತುದಾರರ ಸಂಘಗಳಿಗೆ ನನ್ನ ಕೋರಿಕೆ ಇಷ್ಟು: ಕೋಡಿನಿಂದ ಬೇಕಾದ ಐದಾರು ಚಿತ್ರಗಳನ್ನಷ್ಟೇ ಆರಿಸಿ, ಕನ್ನಡದಲ್ಲಿ ಎರಡೆರಡು ಸಾಲು ಬರೆಸಿ, ಪ್ರತಿ ಗೋದಾಮಿನ ಲೋಡಿಂಗ್ ಬಾಗಿಲಿಗೆ ಅಂಟಿಸಿ. ಉತ್ತರದಿಂದ ಬಂದ ಕೆಲಸಗಾರರಿಗಾಗಿ ಪಕ್ಕದಲ್ಲೇ ಹಿಂದಿಯದೂ ಒಂದಿರಲಿ. ಸಂದು ತುಂಬುವ, ಪಟ್ಟಿ ಬಿಗಿಯುವ ಕೆಲಸಕ್ಕೆ ಪ್ರತ್ಯೇಕ ಕೂಲಿ ಗೊತ್ತುಮಾಡಿ. ಖರೀದಿದಾರನಿಗೆ ಕಳಿಸುವ ಫೋಟೊವನ್ನು ಫಿಲ್ಮ್ ಸುತ್ತುವ ಮೊದಲೇ ತೆಗೆಯಿರಿ.