ಪ್ರೆಷರ್ ಭಾಳ ಐತ್ರಿ

ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ ಹೋಗುವ ಹಾದಿಯಲ್ಲಿ ವಾಟರ್ ಸರ್ವಿಸಿಂಗ್ ಬೋರ್ಡುಗಳಿಗೆ ಬರವಿಲ್ಲ. ಸಿಮೆಂಟಿನ ಒಂದು ರ‍್ಯಾಂಪು, ನೀರಿನ ಟಾಕಿ, ಬೆಲ್ಟಿನ ಮೇಲೆ ತಿರುಗುವ ಮೂರು ಪಿಸ್ಟನ್ನಿನ ಪಂಪು, ಉದ್ದನೆಯ ಪೈಪಿನ ತುದಿಗೊಂದು ಗನ್ನು. ಇಷ್ಟಿದ್ದರೆ ಧಂದೆ ಶುರು. ಎಷ್ಟೋ ಕಡೆ ಆ ಪಂಪು ಹೊಲದಲ್ಲಿ ಬೆಳೆಗೆ ಎಣ್ಣೆ ಹೊಡೆಯುವ ಎಚ್‌ಟಿಪಿ ಪಂಪೇ. ಗಾಡಿ ನಿಲ್ಲಿಸಿದವನಿಗೆ ಸಿಗುವ ಮೊದಲ ಭರವಸೆ: "ಪ್ರೆಷರ್ ಭಾಳ ಐತ್ರಿ." ಗಿರಾಕಿಯೇ ಗನ್ ಹಿಡಿದು, ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಟ್ಟು ಗಾಡಿ ತೊಳೆದುಕೊಳ್ಳುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಅದನ್ನು ನಮ್ಮ ಕಡೆಗೂ ತರುವ ಆಸೆಯಿದ್ದವರು ಮೊದಲು ಈ ಭರವಸೆಯನ್ನೇ ಒರೆಗೆ ಹಚ್ಚಬೇಕು.

ಪಂಪಿನ ಬಗ್ಗೆ ನನ್ನ ತಕರಾರಿಲ್ಲ. ಎರಡು ಎಚ್‌ಪಿ ಮೋಟರು ನಿಮಿಷಕ್ಕೆ 20 ಲೀಟರ್ ನೀರನ್ನು ಸುಮಾರು 35 ಬಾರ್ ಒತ್ತಡದಲ್ಲಿ ದಬ್ಬಬಲ್ಲದು; ತಕ್ಕ ಪಂಪು ಜೋಡಿಸಿದರೆ 8 ಲೀಟರನ್ನು 80 ಬಾರಿನಲ್ಲೂ ದಬ್ಬಬಲ್ಲದು. ಕರೆಂಟ್ ಬಿಲ್ಲು ಹೆಚ್ಚುಕಡಿಮೆ ಒಂದೇ. ನೀರು ಹೆಚ್ಚು ಬೇಕೋ, ಒತ್ತಡ ಹೆಚ್ಚು ಬೇಕೋ ಎಂಬುದೇ ಆಯ್ಕೆ. ಈ ಆಯ್ಕೆಗೆ ಉತ್ತರ ಮಣ್ಣಿನಲ್ಲಿದೆ.

ಕಿತ್ತೂರಿನಿಂದ ಖಾನಾಪುರದ ಕಡೆ ಹೊರಟರೆ ಕೆಮ್ಮಣ್ಣು. ನೀರು ಬಿದ್ದೊಡನೆ ಕರಗಿ ಇಳಿಯುತ್ತದೆ. ಬೈಲಹೊಂಗಲ, ಸವದತ್ತಿಯ ಎರಿ ಮಣ್ಣಿನ ಸ್ವಭಾವವೇ ಬೇರೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗೆ, ಮಡ್‌ಗಾರ್ಡಿನ ಒಳಗೆ ಗೇಣುದ್ದ ರಾಡಿ ಮೆತ್ತಿರುತ್ತದೆ. ಅದಕ್ಕೆ ಸೂಜಿಯಂಥ ಧಾರೆ ಹೊಡೆದರೆ ಗೆರೆ ಕೊರೆಯುತ್ತದೆ, ಹೆಂಟೆ ಕದಲುವುದಿಲ್ಲ. ಮೊದಲು ಅಗಲ ಧಾರೆಯಲ್ಲಿ ತೋಯಿಸಿ ಹತ್ತು ನಿಮಿಷ ಬಿಡಬೇಕು; ಆಮೇಲೆ ಹೆಚ್ಚು ನೀರು, ಸಾಧಾರಣ ಒತ್ತಡ. ಅಂದರೆ ಟ್ರ್ಯಾಕ್ಟರಿಗೆ ಆ ಎಚ್‌ಟಿಪಿ ಪಂಪೇ ಸರಿ. ಹೊಲದ ಪಂಪು ತಂದವರ ಬುದ್ಧಿ ತಪ್ಪಿಲ್ಲ.

ತಪ್ಪಿರುವುದು ಗನ್ನಿನ ತುದಿಯಲ್ಲಿ. ಹಿಡಿಕೆ ತಿರುವಿದರೆ ಮಂಜಿನಿಂದ ಸೂಜಿಯವರೆಗೆ ಬದಲಾಗುವ ಗನ್ನನ್ನು ನಮ್ಮ ಹುಡುಗರು ಸೂಜಿಯ ಕಡೆಗೇ ತಿರುವಿ ಮರೆತುಬಿಡುತ್ತಾರೆ. ಪ್ರೆಷರ್ ವಾಷರಿನ ನಾಜಲ್‌ಗಳಿಗೆ ಜಗತ್ತಿನಾದ್ಯಂತ ಬಣ್ಣದ ಗುರುತಿದೆ: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಾರಿನ ಬಣ್ಣಕ್ಕೆ ಬಿಳಿ, ಗಾಲಿ ಮತ್ತು ತಳಕ್ಕೆ ಹಸಿರು ಸಾಕು. ಕೆಂಪು ನಾಜಲ್ ಗಾಡಿಯ ಹತ್ತಿರವೇ ಬರಬಾರದು. ಸೂಜಿ ಧಾರೆ ರೇಡಿಯೇಟರಿನ ತೆಳು ರೆಕ್ಕೆಗಳನ್ನು ಮಡಚುತ್ತದೆ, ಟೈರಿನ ಪಕ್ಕೆ ಸೀಳಬಲ್ಲದು. ಹೆಚ್ಚು ಹಾನಿ ಕಣ್ಣಿಗೆ ಕಾಣದಲ್ಲಿ ಆಗುತ್ತದೆ: ಹಬ್ಬಿನ ಸೀಲು ದಾಟಿ ಬೇರಿಂಗಿಗೆ ನೀರು ನುಗ್ಗಿ ಗ್ರೀಸ್ ಕೆಡುತ್ತದೆ. ಕಬ್ಬಿನ ಸೀಜನ್ನಿಗೆ ಮುಂಚೆ ಚೆಂದಾಗಿ ತೊಳೆಸಿದ ಟ್ರೇಲರಿನ ಗಾಲಿ ಡಿಸೆಂಬರಿನಲ್ಲಿ ಕಿರುಗುಟ್ಟಿದರೆ ಬೈಗುಳ ಬೇರಿಂಗ್ ಕಂಪನಿಗೆ ಬೀಳುತ್ತದೆ.

ನಾಜಲ್‌ಗೆ ಅಳತೆಯೂ ಇದೆ, ಅದನ್ನು ಓದುವವರು ಅಪರೂಪ. ಮೇಲೆ 2504 ಎಂದು ಕೊರೆದಿದ್ದರೆ 25 ಎಂಬುದು ಕೋನ, 04 ಎಂಬುದು ಹರಿವು: 40 ಪಿಎಸ್‌ಐನಲ್ಲಿ ನಿಮಿಷಕ್ಕೆ ಒಂದೂವರೆ ಲೀಟರ್. ಒತ್ತಡ ನಾಲ್ಕು ಪಟ್ಟಾದಾಗ ನೀರು ಎರಡೇ ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಅದೇ ನಾಜಲ್ 80 ಬಾರಿಗೆ ಸುಮಾರು 8 ಲೀಟರ್ ಬಿಡುತ್ತದೆ, ಕಾರಿಗೆ ಹೇಳಿ ಮಾಡಿಸಿದಂತೆ. ಪಿಸ್ಟನ್ ಪಂಪು ನೀರನ್ನಷ್ಟೇ ತಳ್ಳುತ್ತದೆ, ಒತ್ತಡ ಹುಟ್ಟುವುದು ತೂತಿನ ಅಡಚಣೆಯಿಂದ. ಟಾಕಿಯ ತಳದ ಮರಳು ತೂತನ್ನು ಸವೆಸಿ ಅದರ ವ್ಯಾಸ ನೂರಕ್ಕೆ 10ರಷ್ಟು ಹಿಗ್ಗಿದರೂ ಸಾಕು, ಒತ್ತಡ ಮೂರನೆಯ ಒಂದು ಪಾಲು ಬಿದ್ದುಹೋಗುತ್ತದೆ. ಆಗ ಮಾಲಕ ವಾಲ್ವ್ ಬಿಗಿ ಮಾಡುತ್ತಾನೆ, ಬೆಲ್ಟು ಬದಲಿಸುತ್ತಾನೆ, ಪಂಪಿಗೇ ಬೈಯುತ್ತಾನೆ. ನಾಜಲ್ ಮಾತ್ರ ಅಂಗಡಿ ತೆರೆದ ದಿನದ್ದೇ.

ಒತ್ತಡಕ್ಕೆ ಬಗ್ಗದ ಕೊಳೆಯೂ ಉಂಟು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಇಳಿಯುವ ಗಾಡಿಗಳ ಮೇಲಿನ ಭಂಡಾರ ಅರಿಷಿಣದ ಪುಡಿ. ಕ್ಷಾರ ಹೆಚ್ಚಿದ ಸಾಬೂನು ತಾಗಿದರೆ ಅರಿಷಿಣ ಕೆಂಪಗಾಗುತ್ತದೆ. ಇದು ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಬಲ್ಲ ವಿಷಯ, ಸರ್ವಿಸಿಂಗ್ ಅಂಗಡಿಗೆ ಇನ್ನೂ ತಲುಪಿಲ್ಲ. ಮೊದಲು ಬರೀ ನೀರಿನಿಂದ ಪುಡಿ ಇಳಿಸಬೇಕು, ಆಮೇಲೆ ಸೌಮ್ಯ ಶಾಂಪೂ. ಉಳಿದ ಕಲೆಯನ್ನು ಬಿಸಿಲು ತೆಗೆಯುತ್ತದೆ.

ನೀರಿನ ಮಾತು ಬಿಡುವಂತಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಹಾಕುವುದಾಗಿ ಹೇಳಿತು. ಮಲಪ್ರಭೆಯ ನಾಡು ಆ ಬೇಸಿಗೆಯಿಂದ ಹೊರತಲ್ಲ. ಕಾಲು ತಾಸು ಬಿಡದೆ ಗನ್ ಒತ್ತಿದರೆ ಹೊಲದ ಪಂಪಿನಲ್ಲಿ 300 ಲೀಟರ್ ಹೋಗುತ್ತದೆ, 2504 ನಾಜಲ್‌ನಲ್ಲಿ 120. ರಾಡಿಯ ಟ್ರ್ಯಾಕ್ಟರಿಗೆ 300 ಕೊಡೋಣ. ಧೂಳು ಕೂತ ಕಾರಿಗೆ ಅದು ದಂಡ.

ಹೀಗಾಗಿ ಸ್ವಯಂಸೇವೆಯ ಅಂಗಡಿ ಇಲ್ಲಿ ನಡೆಯಬೇಕಾದರೆ ಎರಡು ಕಟ್ಟೆ ಬೇಕು, ಕಾರಿಗೊಂದು, ಟ್ರ್ಯಾಕ್ಟರಿಗೊಂದು. ನಿಮಿಷದ ಮೀಟರು ಓಡುತ್ತಿದ್ದರೆ ಗಿರಾಕಿ ಅವಸರಪಟ್ಟು ಗನ್ನನ್ನು ಗಾಡಿಗೆ ಹಚ್ಚಿಯೇ ಹಿಡಿಯುತ್ತಾನೆ. ಆದ್ದರಿಂದ ತೋಯಿಸಿಡುವ ಹೊತ್ತಿಗೆ ದುಡ್ಡು ಹಿಡಿಯಬಾರದು. ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಜಾಗ ನೋಡುತ್ತಿರುವವರಲ್ಲಿ ನನ್ನದೊಂದು ವಿನಂತಿ: ತಿರುವುವ ಗನ್ ಬೇಡ, ಬಿಳಿ ಮತ್ತು ಹಸಿರು ನಾಜಲ್ ಇಡಿ, ಪಂಪಿನ ಬಾಯಿಗೆ ಜಾಳಿಗೆ ಹಾಕಿ, ಕೆಲಸ ಮಾಡುವ ಪ್ರೆಷರ್ ಮೀಟರನ್ನು ಗಿರಾಕಿಗೆ ಕಾಣುವಂತೆ ಕೂರಿಸಿ. ಎಣ್ಣೆ ಬೆರೆತ ನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಒಂದು ಹೊಂಡದಲ್ಲಿ ನಿಲ್ಲಿಸಿ. ಆ ಹಳ್ಳ ಮಲಪ್ರಭೆಗೇ ಸೇರುತ್ತದೆ.